ಹಡಗು ಹತ್ತುವ ಮುನ್ನ ಪಾದೊವಾದಲ್ಲಿ ಒಂದು ದಿನ

ಇಟಲಿಗೆ ಹೋಗುವ ಪ್ರವಾಸಿಗರು ಸಾಮಾನ್ಯವಾಗಿ ಒಂದೇ ಜಾಡು ಹಿಡಿಯುತ್ತಾರೆ. ರೋಮ್, ಫ್ಲಾರೆನ್ಸ್, ವೆನಿಸ್. ಆ ಬಳಿಕ ವೆನಿಸ್ಸಿನಲ್ಲಿ ಹಡಗು ಹತ್ತಿ ಏಡ್ರಿಯಾಟಿಕ್ ಸಮುದ್ರದ ಮೇಲೆ ಒಂದು ವಾರದ ವಿಹಾರ. ಫ್ಲಾರೆನ್ಸ್ ಬಿಟ್ಟ ಮೇಲೆ ಹಡಗು ಹೊರಡುವವರೆಗೆ ಒಂದು ದಿನ ಕೈಯಲ್ಲಿ ಉಳಿಯುತ್ತದೆ. ನಕ್ಷೆ ನೋಡಿದರೆ ಬೊಲೊನ್ಯಾ, ಫೆರಾರಾ, ಪಾದೊವಾ, ವೆರೋನಾ ಎಲ್ಲವೂ ಕೈಗೆಟಕುವಷ್ಟು ಹತ್ತಿರ. ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿಬಿಡುವ ಆಸೆಗೆ ಬಿದ್ದವರು ಕೊನೆಗೆ ನೋಡುವುದು ರೈಲು ನಿಲ್ದಾಣಗಳನ್ನು ಮಾತ್ರ. ಮಕ್ಕಳೊಂದಿಗೆ ಹೊರಟ ಕುಟುಂಬಕ್ಕಂತೂ ಒಂದು ದಿನಕ್ಕೆ ಒಂದೇ ಊರು ಸಾಕು.

ಆ ಊರನ್ನು ಆರಿಸುವ ಮುನ್ನ ಹಡಗಿನ ಟಿಕೆಟ್ಟನ್ನು ಇನ್ನೊಮ್ಮೆ ಓದಬೇಕು. 2021ರ ಆಗಸ್ಟ್‌ನಿಂದ 25 ಸಾವಿರ ಟನ್ ಮೀರಿದ ಹಡಗುಗಳು ವೆನಿಸ್ ನಗರದ ನಡುವಿನ ಜೂದೆಕ್ಕಾ ಕಾಲುವೆಗೆ ಬರುವಂತಿಲ್ಲ. ಅವು ಎಬ್ಬಿಸುವ ಅಲೆಗಳು ಹಳೆಯ ಕಟ್ಟಡಗಳ ತಳಪಾಯಕ್ಕೂ ಲಗೂನಿನ ಜೀವಿಗಳಿಗೂ ಹಾನಿ ಮಾಡುತ್ತವೆ ಎಂಬ ಆತಂಕದಿಂದ ಸರ್ಕಾರ ಈ ನಿಷೇಧ ಹೇರಿತು. ಹೀಗಾಗಿ ‘ವೆನಿಸ್ಸಿನಿಂದ’ ಎಂದು ಜಾಹೀರಾತಿನಲ್ಲಿ ಕಾಣುವ ಯಾನ ನಿಜಕ್ಕೂ ಆರಂಭವಾಗುವುದು ವೆನಿಸ್ ಎದುರಿನ ದಡದ ಮಾರ್ಗೆರಾದಿಂದ ಇರಬಹುದು, ದೂರದ ರವೆನ್ನಾ ಅಥವಾ ತ್ರಿಯೆಸ್ತೆಯಿಂದಲೂ ಇರಬಹುದು. ರವೆನ್ನಾ ಎಂದಿದ್ದರೆ ನಡುವೆ ತಂಗಲು ಬೊಲೊನ್ಯಾ ಅನುಕೂಲ. ಮಾರ್ಗೆರಾ ಅಥವಾ ತ್ರಿಯೆಸ್ತೆ ಎಂದಿದ್ದರೆ ಪಾದೊವಾ.

ಭಾರತೀಯ ಪಾಸ್‌ಪೋರ್ಟ್ ಇರುವವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಹಡಗು ನಡುವೆ ಮಾಂಟೆನೆಗ್ರೊದ ಕೊಟೋರ್ ಬಂದರಿಗೆ ಹೋಗುವುದಾದರೆ ಅದು ಷೆಂಗೆನ್ ವಲಯದ ಹೊರಗಿನ ದೇಶ. ಅಲ್ಲಿಗೆ ಹೋಗಿ ಇಟಲಿಗೆ ಮರಳಲು, ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಲು ಅವಕಾಶವಿರುವ ವೀಸಾ ಬೇಕು. ಇದನ್ನು ಮರೆತರೆ ಬಂದರಿನಲ್ಲಿ ಹಡಗು ಹತ್ತಲೂ ಬಿಡದಿರಬಹುದು.

ಫ್ಲಾರೆನ್ಸ್‌ನಿಂದ ವೆನಿಸ್‌ಗೆ ಓಡುವ ವೇಗದ ರೈಲು ಸುಮಾರು ಒಂದೂಮುಕ್ಕಾಲು ಗಂಟೆಯಲ್ಲಿ ಪಾದೊವಾ ತಲುಪುತ್ತದೆ. ನಮ್ಮ ಪುಸ್ತಕಗಳಲ್ಲಿ ‘ಪಾಡುವಾ’ ಎಂದಿರುವ ಊರು ಇದೇ. ಬಹುಪಾಲು ಪ್ರವಾಸಿಗರು ಕಿಟಕಿಯಿಂದ ಫಲಕವನ್ನಷ್ಟೇ ಓದಿ ಮುಂದೆ ಹೋಗುತ್ತಾರೆ. ವಿಜ್ಞಾನ ಓದುವ ವಿದ್ಯಾರ್ಥಿಗಳಿಗೆ ಮಾತ್ರ ಇಟಲಿಯಲ್ಲಿ ಇದಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ.

ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸ್ಕ್ರೊವೆನ್ಯಿ ಪ್ರಾರ್ಥನಾ ಮಂದಿರ. ಚಿತ್ರಕಾರ ಜೊತ್ತೊ 1305ರ ಸುಮಾರಿಗೆ ಇಲ್ಲಿನ ಗೋಡೆಗಳ ಹಸಿ ಗಾರೆಯ ಮೇಲೆ ಕ್ರಿಸ್ತನ ಜೀವನಕಥೆಯನ್ನು ಚಿತ್ರಿಸಿದ. ಮೊದಲೇ ಸಮಯ ಕಾದಿರಿಸದೆ ಇಲ್ಲಿಗೆ ಹೋದರೆ ನಿರಾಸೆಯೇ ಗತಿ. ಸಣ್ಣ ಸಣ್ಣ ಗುಂಪುಗಳನ್ನು ಮೊದಲು ಒಂದು ಗಾಜಿನ ಕೋಣೆಯಲ್ಲಿ ಕಾಲು ಗಂಟೆ ಕೂರಿಸುತ್ತಾರೆ. ಹೊರಗಿನಿಂದ ಬಂದವರು ತರುವ ತೇವಾಂಶ ಮತ್ತು ದೂಳು ಚಿತ್ರಗಳಿಗೆ ತಾಗದಿರಲಿ ಎಂಬುದಕ್ಕಾಗಿ ಈ ಏರ್ಪಾಡು. ಒಳಗೆ ಇರಲು ಸಿಗುವುದೂ ಅಷ್ಟೇ ಹೊತ್ತು. ಆ ಸಮಯದಲ್ಲಿ ತಪ್ಪದೆ ನೋಡಬೇಕಾದದ್ದು ಶಿಶು ಯೇಸುವನ್ನು ಕಾಣಲು ಮೂವರು ಜ್ಞಾನಿಗಳು ಬಂದಿರುವ ಚಿತ್ರ. ಅಲ್ಲಿ ಕೊಟ್ಟಿಗೆಯ ಮೇಲೆ ಬರಿಯ ನಕ್ಷತ್ರದ ಬದಲು ಬಾಲವುಳ್ಳ ಧೂಮಕೇತು ಉರಿಯುತ್ತಿದೆ. 1301ರಲ್ಲಿ ಕಾಣಿಸಿಕೊಂಡ ಹ್ಯಾಲಿ ಧೂಮಕೇತುವನ್ನು ಜೊತ್ತೊ ಕಂಡಿದ್ದಿರಬೇಕು ಎಂದು ಹಲವು ವಿದ್ವಾಂಸರು ಊಹಿಸುತ್ತಾರೆ. 1986ರಲ್ಲಿ ಹ್ಯಾಲಿಯ ಬೀಜದಿಂದ ಸುಮಾರು 600 ಕಿ.ಮೀ. ದೂರದಲ್ಲೇ ಹಾದುಹೋದ ಐರೋಪ್ಯ ನೌಕೆಗೆ ‘ಜೊತ್ತೊ’ ಎಂದೇ ಹೆಸರಿಟ್ಟರು. ಅದೇ ಧೂಮಕೇತು ಮತ್ತೆ ಬರುವುದು 2061ರಲ್ಲಿ. ಇಂದಿನ ಶಾಲಾ ಮಕ್ಕಳು ಅದನ್ನು ನೋಡಬಹುದು.

ಅಲ್ಲಿಂದ ನಡೆದೇ ಹೋಗುವಷ್ಟು ದೂರದಲ್ಲಿ 1222ರಲ್ಲಿ ಆರಂಭವಾದ ವಿಶ್ವವಿದ್ಯಾಲಯದ ಹಳೆಯ ಕಟ್ಟಡ, ಪಲಾಜೊ ಬೊ. ಮಾರ್ಗದರ್ಶಕರೊಡನೆ ಒಳಹೊಕ್ಕರೆ ಒರಟು ಹಲಗೆಗಳ ಒಂದು ಎತ್ತರದ ಉಪನ್ಯಾಸ ಪೀಠ ಕಾಣುತ್ತದೆ. ಗೆಲಿಲಿಯೊ ನಿಂತು ಪಾಠ ಹೇಳಿದ ಪೀಠ ಅದು ಎಂಬ ಪ್ರತೀತಿಯಿದೆ. 1592ರಿಂದ 1610ರವರೆಗೆ, 18 ವರ್ಷ ಆತ ಇಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ. 1595ರ ಅಂಗರಚನಾ ರಂಗಮಂಟಪವೂ ಇಲ್ಲೇ ಇದೆ. ಕೆಳಗೆ ಶವಚ್ಛೇದನದ ಮೇಜು, ಅದರ ಸುತ್ತ ಮೊಟ್ಟೆಯಾಕಾರದಲ್ಲಿ ಮೇಲೇರುವ ಆರು ಅಂತಸ್ತು. ವಿದ್ಯಾರ್ಥಿಗಳು ಒತ್ತೊತ್ತಾಗಿ ನಿಂತು ಕೆಳಗೆ ಇಣುಕುತ್ತಿದ್ದರು. ಅದನ್ನು ಕಟ್ಟಿಸಿದ ಫ್ಯಾಬ್ರಿಸಿಯಸ್ ರಕ್ತನಾಳಗಳಲ್ಲಿನ ಕವಾಟಗಳನ್ನು ವಿವರಿಸಿದ. ಅವನ ಶಿಷ್ಯ, 1602ರಲ್ಲಿ ಇಲ್ಲಿ ಪದವಿ ಪಡೆದ ವಿಲಿಯಂ ಹಾರ್ವೆ, 1628ರಲ್ಲಿ ರಕ್ತಪರಿಚಲನೆಯನ್ನು ಜಗತ್ತಿಗೆ ತಿಳಿಸಿದ.

ಇದೇ ಕಟ್ಟಡದ ಮೆಟ್ಟಿಲುಗಳ ಬುಡದಲ್ಲಿ ಒಬ್ಬ ಹೆಣ್ಣುಮಗಳ ಪ್ರತಿಮೆಯಿದೆ. ಆಕೆ ಎಲೆನಾ ಕೊರ್ನಾರೊ ಪಿಸ್ಕೋಪಿಯಾ. ಧರ್ಮಶಾಸ್ತ್ರದಲ್ಲಿ ಪದವಿ ಕೇಳಿದಾಗ ಹೆಂಗಸಿಗೆ ಸಲ್ಲದು ಎಂದು ಬಿಷಪ್ ಅಡ್ಡಿ ಮಾಡಿದರು. ಆಕೆ ಬಿಡಲಿಲ್ಲ. 1678ರಲ್ಲಿ ತತ್ತ್ವಶಾಸ್ತ್ರದಲ್ಲಿ ಪರೀಕ್ಷೆ ಎದುರಿಸಿ ಡಾಕ್ಟರೇಟ್ ಪಡೆದಳು. ವಿಶ್ವವಿದ್ಯಾಲಯವೊಂದರಿಂದ ಆ ಪದವಿ ಪಡೆದ ಮೊದಲ ಮಹಿಳೆ ಎಂದೇ ಆಕೆಯ ಹೆಸರು ಉಳಿದಿದೆ. ಹೆಣ್ಣುಮಕ್ಕಳನ್ನು ಕರೆದೊಯ್ದ ತಂದೆತಾಯಿ ಇಲ್ಲಿ ಐದು ನಿಮಿಷ ಹೆಚ್ಚು ನಿಂತರೆ ತಪ್ಪಿಲ್ಲ.

ಮಧ್ಯಾಹ್ನದ ಊಟದ ನಂತರ ಸಸ್ಯೋದ್ಯಾನ. ವೈದ್ಯಕೀಯ ವಿದ್ಯಾರ್ಥಿಗಳು ಔಷಧಿ ಗಿಡಗಳನ್ನು ತಪ್ಪಿಲ್ಲದೆ ಗುರುತಿಸಲೆಂದು 1545ರಲ್ಲಿ ಮಾಡಿದ ಈ ತೋಟ ಇಂದಿಗೂ ಅದೇ ಜಾಗದಲ್ಲಿದೆ. 1997ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿ 1585ರಲ್ಲಿ ನೆಟ್ಟ ತಾಳೆಜಾತಿಯ ಮರವೊಂದಕ್ಕೆ ಅದರದೇ ಗಾಜಿನ ಮನೆಯಿದೆ. 1786ರಲ್ಲಿ ಇದನ್ನು ನೋಡಿದ ಜರ್ಮನ್ ಕವಿ ಗಯಟೆ, ಬುಡದ ಸರಳ ಎಲೆಗಳು ಮೇಲೆ ಹೋದಂತೆ ಸೀಳುಸೀಳಾಗಿ ಬೀಸಣಿಗೆಯಂತಾಗುವುದನ್ನು ಗಮನಿಸಿದ. ಗಿಡದ ಅಂಗಗಳೆಲ್ಲ ಎಲೆಯ ರೂಪಾಂತರಗಳೇ ಎಂಬ ವಿಚಾರವನ್ನು 1790ರಲ್ಲಿ ಪ್ರಕಟಿಸಿದ.

ರಾತ್ರಿ ಪಾದೊವಾದಲ್ಲೇ ತಂಗುವುದು ಕ್ಷೇಮ. ಬೆಳಿಗ್ಗೆ ವೆನಿಸ್ ಕಡೆಗೆ ರೈಲುಗಳು ಮೇಲಿಂದ ಮೇಲೆ ಇವೆ; ವೇಗದ ರೈಲಿಗೆ ಅರ್ಧ ಗಂಟೆ, ಸಾಧಾರಣ ರೈಲಿಗೆ ತುಸು ಹೆಚ್ಚು. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟನ್ನು ಹತ್ತುವ ಮೊದಲೇ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಹಾಕಿಸದಿದ್ದರೆ ದಂಡ ತೆರಬೇಕು. ಮೆಸ್ತ್ರೆ ನಿಲ್ದಾಣ ದಡದ ಮೇಲಿದೆ, ಸಾಂತಾ ಲೂಚಿಯಾ ದ್ವೀಪದ ಮೇಲಿದೆ. ಮಾರ್ಗೆರಾಕ್ಕೆ ಹತ್ತಿರವಾದದ್ದು ಮೆಸ್ತ್ರೆ. ಹಡಗಿನ ಬಾಗಿಲು ಹೊರಡುವ ಹೊತ್ತಿಗೆ ಬಹಳ ಮೊದಲೇ ಮುಚ್ಚುತ್ತದೆ. ಇಟಲಿಯಲ್ಲಿ ರೈಲ್ವೆ ಮುಷ್ಕರಗಳು ಅಪರೂಪವೇನಲ್ಲವಾದ್ದರಿಂದ ಅರ್ಧ ದಿನವಾದರೂ ಬಿಡುವು ಇಟ್ಟುಕೊಳ್ಳಬೇಕು. ಉಳಿದ ಒಂದು ದಿನದಲ್ಲಿ ಮೂರು ಊರು ತುರುಕಿದವರಿಗೆ ಈ ಬಿಡುವು ಇರುವುದಿಲ್ಲ.

ಸಾಮಾನಿನಲ್ಲಿ ಒಂದು ಬೈನಾಕ್ಯುಲರ್ ಇರಲಿ. ಗುರು ಗ್ರಹ ಆಕಾಶದಲ್ಲಿರುವ ಕಾಲವಾದರೆ, ಹಡಗು ಯಾವುದಾದರೂ ಬಂದರಿನಲ್ಲಿ ಅಲುಗದೆ ನಿಂತಿರುವ ರಾತ್ರಿ, ಕಂಬಿಗೆ ಮೊಣಕೈ ಊರಿ ನೋಡಿದರೆ ಗ್ರಹದ ಅಕ್ಕಪಕ್ಕ ಒಂದೇ ಸಾಲಿನಲ್ಲಿ ಸಣ್ಣ ಚುಕ್ಕಿಗಳು ಕಾಣುತ್ತವೆ. 1610ರ ಜನವರಿಯಲ್ಲಿ ಪಾದೊವಾದಲ್ಲಿ ಗೆಲಿಲಿಯೊ ತಾನೇ ಮಾಡಿಕೊಂಡ ದೂರದರ್ಶಕದಿಂದ ಕಂಡದ್ದು ಅವನ್ನೇ. ಚುಕ್ಕಿಗಳ ಸ್ಥಾನವನ್ನು ಆತ ರಾತ್ರಿ ರಾತ್ರಿ ಬರೆದಿಟ್ಟ. ಮಕ್ಕಳೂ ಮೂರು ರಾತ್ರಿ ಹಾಗೆ ಬರೆದಿಟ್ಟರೆ ಅವು ಜಾಗ ಬದಲಿಸುವುದನ್ನು ತಾವೇ ಕಾಣಬಹುದು.