ಎತ್ತರದ ಗಾಲಿ, ಇಳಿಜಾರಿನ ದಾರಿ

ಹಾಸನದಿಂದ ಪಶ್ಚಿಮಕ್ಕೆ ಹೊರಟ ಪಯಣಿಗನಿಗೆ ಮಲೆನಾಡು ಒಮ್ಮೆಲೇ ಎದುರಾಗುವುದಿಲ್ಲ. ಭೈರಾಪುರದಲ್ಲಿ ಆಲೂರಿನ ದಾರಿ ಕವಲೊಡೆಯುತ್ತದೆ. ಪಾಳ್ಯದ ಹೊತ್ತಿಗೆ ಗದ್ದೆಗಳ ಆಚೆ ಗುಡ್ಡಗಳು ತಲೆಯೆತ್ತುತ್ತವೆ. ಬಾಳ್ಳುಪೇಟೆ ದಾಟಿದರೆ ರಸ್ತೆಯ ಇಕ್ಕೆಲಗಳಲ್ಲೂ ಸಿಲ್ವರ್ ಮರಗಳು, ಅವುಗಳ ಮೈಗೆ ಹಬ್ಬಿದ ಮೆಣಸಿನ ಬಳ್ಳಿ, ನೆರಳಿನಲ್ಲಿ ಕಾಫಿಯ ಗಿಡ. ಸುಮಾರು 40 ಕಿ.ಮೀ. ಕ್ರಮಿಸಿದ ಮೇಲೆ ಹೇಮಾವತಿಯ ದಡದಲ್ಲಿ ಸಕಲೇಶಪುರ. ಊರಿಗೆ ಹೆಸರಿತ್ತ ಸಕಲೇಶ್ವರನ ಹೊಯ್ಸಳರ ಕಾಲದ ದೇಗುಲ ಊರ ಬಾಗಿಲಲ್ಲೇ ಇದೆ. ಬಸ್ಸಿನಲ್ಲಿ ಕುಳಿತವರಿಗೆ ಈ ಏರಿಳಿತಗಳು ಅರಿವಿಗೆ ಬಾರವು. ಸೈಕಲ್ ತುಳಿಯುವವರಿಗಾದರೋ ಒಂದೊಂದು ದಿಣ್ಣೆಯನ್ನೂ ಮೊಣಕಾಲೇ ಎಣಿಸಿ ಹೇಳುತ್ತದೆ.

ಇಂದು ನಮ್ಮ ಮನೆಗಳ ಜಗಲಿಗೆ ಒರಗಿ ನಿಂತಿರುವ ಸೈಕಲ್ಲಿಗೆ ಒಬ್ಬ ವಿಚಿತ್ರ ಪೂರ್ವಜನಿದ್ದಾನೆ. ಮುಂದೆ ಆಳೆತ್ತರದ ಒಂದು ಗಾಲಿ, ಹಿಂದೆ ಮಕ್ಕಳ ಆಟಿಕೆಯಂಥ ಪುಟ್ಟ ಗಾಲಿ. ಇಂಗ್ಲೆಂಡಿನ ದೊಡ್ಡ ನಾಣ್ಯ ಪೆನ್ನಿ, ಸಣ್ಣ ನಾಣ್ಯ ಫಾರ್ದಿಂಗ್. ಎರಡನ್ನೂ ಒತ್ತಟ್ಟಿಗೆ ಇಟ್ಟಂತೆ ಕಂಡದ್ದರಿಂದ ಜನ ಅದನ್ನು ಪೆನ್ನಿ-ಫಾರ್ದಿಂಗ್ ಎಂದು ಕರೆದರು. 1870ರ ದಶಕದಲ್ಲಿ ಕಾವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಮೊದಲಾದವರು ಇದನ್ನು ರೂಢಿಗೆ ತಂದರು. ಗಾಲಿ ಅಷ್ಟು ದೊಡ್ಡದಾಗಿರಲು ಕಾರಣ ಆಡಂಬರವಲ್ಲ, ಲೆಕ್ಕ. ಅದಕ್ಕೆ ಚೈನು ಇರಲಿಲ್ಲ. ಪೆಡಲುಗಳು ಮುಂದಿನ ಗಾಲಿಯ ನಡುವಿಗೇ ಬಿಗಿದಿದ್ದವು. ಕಾಲು ಒಂದು ಸುತ್ತು ತುಳಿದರೆ ಗಾಲಿಯೂ ಒಂದೇ ಸುತ್ತು. ಹಾಗಾಗಿ ಒಂದು ತುಳಿತಕ್ಕೆ ಹೆಚ್ಚು ದೂರ ಸಾಗಬೇಕಾದರೆ ಗಾಲಿಯನ್ನೇ ದೊಡ್ಡದು ಮಾಡಬೇಕು. 50 ಅಂಗುಲ ವ್ಯಾಸದ ಗಾಲಿ ಒಂದು ಸುತ್ತಿಗೆ ಸುಮಾರು 13 ಅಡಿ ಸಾಗುತ್ತದೆ. ಒಂದು ಕಿಲೋಮೀಟರಿಗೆ ಸುಮಾರು 250 ಸುತ್ತು.

ಹತ್ತುವ ವಿಧಾನವೂ ಒಂದು ವಿದ್ಯೆಯೇ. ಹಿಂಗಾಲಿಯ ಮೇಲ್ಭಾಗದ ಪುಟ್ಟ ಮೆಟ್ಟಿನ ಮೇಲೆ ಒಂದು ಪಾದವಿಟ್ಟು, ಇನ್ನೊಂದು ಕಾಲಿನಿಂದ ನೆಲವನ್ನು ಒದ್ದು, ಗಾಡಿ ಚಲಿಸುತ್ತಿರುವಾಗಲೇ ಸೀಟಿಗೆ ಏರಬೇಕು. ಇಳಿಯುವಾಗಲೂ ಹಿಂದಕ್ಕೆ ಜಾರಿ ಅದೇ ಮೆಟ್ಟನ್ನು ಕಾಲಿನಲ್ಲೇ ತಡವಿ ಹುಡುಕಬೇಕು. ನಡುವೆ ನಿಂತು ನೆಲಕ್ಕೆ ಕಾಲೂರುವ ಮಾತೇ ಇಲ್ಲ.

ಇಂಥ ಗಾಲಿಯೇರಿ ಥಾಮಸ್ ಸ್ಟೀವನ್ಸ್ ಎಂಬಾತ ಭೂಮಿಯನ್ನೇ ಸುತ್ತಿದನು. 1884ರ ಏಪ್ರಿಲ್ 22ರಂದು ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟವನು 1886ರ ಡಿಸೆಂಬರ್ 17ರಂದು ಜಪಾನಿನ ಯೋಕೊಹಾಮಾ ತಲಪಿದನು. ನಮ್ಮ ದೇಶದಲ್ಲಿ ಅವನು ಸವಾರಿ ಮಾಡಿದ್ದು 1886ರಲ್ಲಿ, ಲಾಹೋರಿನಿಂದ ಕಲ್ಕತ್ತೆಯವರೆಗಿನ ಹೆದ್ದಾರಿಯಲ್ಲಿ. ಆ ದಾರಿ ಬಹುಪಾಲು ಗಂಗೆಯ ಬಯಲು. ದಕ್ಷಿಣದ ಘಟ್ಟಗಳತ್ತ ಅವನು ಬರಲಿಲ್ಲ. ಬಂದಿದ್ದರೆ?

ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಆಲೂರಿನಿಂದ ಪಯಣ ಹೊರಟರೆ ಪರಿಚಿತ ದಾರಿಯೂ ಹೊಸದಾಗಿ ತೋರುತ್ತದೆ. ಆಳೆತ್ತರದ ಗಾಲಿಯ ಮೇಲೆ ಕುಳಿತವನಿಗೆ ತೋಟದ ಬೇಲಿಯಾಚೆಯ ಕಣವೂ, ಅಲ್ಲಿ ಒಣಗುವ ಕಾಫಿಯೂ, ತಗ್ಗಿನ ಗದ್ದೆಯ ಅಂಚಿನ ಕೆರೆಯೂ ಕಂಡಾವು. ಏರು ಬಂದಾಗ ದೇಹದ ಭಾರವನ್ನೆಲ್ಲ ಪೆಡಲಿಗೆ ಇಳಿಸಬೇಕು. ಏರು ಕಡಿದಾದರೆ ಇಳಿದು ತಳ್ಳಬೇಕು. ಅದಾದರೂ ಸಹಿಸಬಹುದಾದ ಕಷ್ಟ. ನಿಜವಾದ ಪರೀಕ್ಷೆ ಸಕಲೇಶಪುರದ ಆಚೆ, ಶಿರಾಡಿಯ ಇಳಿಜಾರಿನಲ್ಲಿ.

ಇಳಿಜಾರಿನಲ್ಲಿ ಇಂದಿನ ಸೈಕಲ್ಲಿನ ಪೆಡಲನ್ನು ನಿಲ್ಲಿಸಿಕೊಂಡು ಸುಮ್ಮನೆ ಕುಳಿತುಕೊಳ್ಳಬಹುದು. ಎತ್ತರದ ಗಾಲಿಗೆ ಆ ಸೌಲಭ್ಯವಿಲ್ಲ; ಗಾಲಿ ತಿರುಗಿದಷ್ಟೂ ಪೆಡಲೂ ತಿರುಗುತ್ತದೆ. ಗಂಟೆಗೆ 30 ಕಿ.ಮೀ. ವೇಗ ಬಂದರೆ ಕಾಲು ನಿಮಿಷಕ್ಕೆ 125 ಸುತ್ತು ಓಡಬೇಕು. ಬ್ರೇಕೆಂದರೆ ಮುಂಗಾಲಿಯ ಗಟ್ಟಿ ರಬ್ಬರನ್ನು ಒತ್ತುವ ಒಂದು ಲೋಹದ ಪಟ್ಟಿ. ಅದನ್ನು ಜೋರಾಗಿ ಒತ್ತಿದರೆ, ಇಲ್ಲವೆ ಗಾಲಿಗೆ ಒಂದು ಕಲ್ಲು ಅಡ್ಡ ಬಂದರೆ, ಹಿಂಭಾಗವೆಲ್ಲ ಮೇಲೆದ್ದು ಸವಾರ ತಲೆಕೆಳಗಾಗಿ ಮುಂದಕ್ಕೆ ಬೀಳುತ್ತಾನೆ. ಆದ್ದರಿಂದಲೇ ಅನುಭವಿಗಳು ಇಳಿಜಾರಿನಲ್ಲಿ ಎರಡೂ ಕಾಲುಗಳನ್ನು ಹ್ಯಾಂಡಲಿನ ಮೇಲೆ ಹಾಯಿಸಿ ಮುಂದಕ್ಕೆ ಚಾಚಿ ಕುಳಿತುಕೊಳ್ಳುತ್ತಿದ್ದರು. ಬಿದ್ದರೂ ತಲೆಗೆ ಬದಲು ಪಾದ ಮೊದಲು ನೆಲ ಮುಟ್ಟಲೆಂಬುದು ಅವರ ಎಣಿಕೆ.

ಈ ಘಟ್ಟದ ಇಳಿತಕ್ಕೆ ಉಕ್ಕಿನ ಹಳಿಗಳೂ ತಲೆಬಾಗಿವೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ವರೆಗಿನ ಸುಮಾರು 55 ಕಿ.ಮೀ. ರೈಲುದಾರಿಗೆ 57 ಸುರಂಗಗಳು, ನೂರಕ್ಕೂ ಮಿಕ್ಕಿದ ಸೇತುವೆಗಳು ಬೇಕಾದವು. 50 ಅಡಿ ಸಾಗಿದರೆ ಒಂದು ಅಡಿ ಇಳಿಯುವಷ್ಟು ಓರೆ ಅಲ್ಲಿದೆ. ಹೆದ್ದಾರಿಯ ಗತಿಯೂ ಸುಲಭವಲ್ಲ. 2022 ಹಾಗೂ 2024ರ ಮಳೆಗಾಲಗಳಲ್ಲಿ ದೋಣಿಗಲ್ ಆಸುಪಾಸಿನಲ್ಲಿ ನೆಲ ಕುಸಿದು ವಾಹನ ಸಂಚಾರಕ್ಕೆ ಅಡ್ಡಿಯಾಯಿತು. ನೀರು ಕೂಡ ಇಲ್ಲಿ ಎರಡು ಮನಸ್ಸಿನದು. ಹೇಮಾವತಿ ಪೂರ್ವಕ್ಕೆ ಹರಿದು ಕಾವೇರಿಯನ್ನು ಸೇರಿದರೆ, ಘಟ್ಟದಂಚಿನ ಕೆಂಪುಹೊಳೆ ಪಶ್ಚಿಮಕ್ಕೆ ಧುಮುಕಿ ಕೊನೆಗೆ ನೇತ್ರಾವತಿಯ ಪಾಲಾಗುತ್ತದೆ.

ಎತ್ತರದ ಗಾಲಿಯ ಆಯುಷ್ಯ ಹೆಚ್ಚು ಕಾಲದ್ದಾಗಲಿಲ್ಲ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಹೊರತಂದ ರೋವರ್ ಸೈಕಲ್ಲು ಚೈನಿನ ಬಲದಿಂದ ಸಣ್ಣ ಗಾಲಿಗೂ ವೇಗ ಕೊಟ್ಟಿತು. 1888ರಲ್ಲಿ ಡನ್‌ಲಪ್ ರೂಪಿಸಿದ ಗಾಳಿ ತುಂಬಿದ ಟೈರು ಕುಲುಕಾಟವನ್ನು ಕಡಿಮೆ ಮಾಡಿತು. ಸವಾರನ ಪಾದ ನೆಲಕ್ಕೆ ಎಟುಕಿತು. ಲಂಗ, ಸೀರೆಯುಟ್ಟ ಹೆಣ್ಣುಮಕ್ಕಳು ಆ ಹಳೆಯ ಗಾಲಿಯನ್ನು ಏರುವುದು ಕನಸಿನ ಮಾತಾಗಿತ್ತು. ತಗ್ಗಿನ ಸೈಕಲ್ಲು ಬಂದದ್ದರಿಂದಲೇ ಅವರಿಗೂ ದಾರಿ ತೆರೆಯಿತು. ನಮ್ಮ ಸರ್ಕಾರ 2006-07ರಲ್ಲಿ ಶಾಲಾಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದಾಗ, ಎಂಟನೆಯ ತರಗತಿಯ ಎಷ್ಟೋ ಹುಡುಗಿಯರಿಗೆ ದೂರದ ಪ್ರೌಢಶಾಲೆ ಹತ್ತಿರವಾಯಿತು.

ಆದರೆ ಈ ಸೀಮೆಯಲ್ಲಿ ಸೈಕಲ್ಲಿನ ಮಕ್ಕಳನ್ನು ಕಳಿಸಿದ ತಾಯಂದಿರ ಕಣ್ಣು ಸಂಜೆಯಾಗುತ್ತಲೇ ದಾರಿಯತ್ತ ನೆಡುತ್ತದೆ. ಆಲೂರು, ಸಕಲೇಶಪುರದ ತೋಟಗಳಲ್ಲಿ ಕಾಡಾನೆಗಳ ಸಂಚಾರ ಹಲವು ವರ್ಷಗಳ ನೋವು. 2014ರಲ್ಲಿ ಆಲೂರು ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರೂ ಸಮಸ್ಯೆ ತೀರಲಿಲ್ಲ. ಮೈಸೂರು ದಸರಾದಲ್ಲಿ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆಯನ್ನು ಸೆರೆಹಿಡಿಯುವ ಕಾರ್ಯಾಚರಣೆಯ ನಡುವೆ ಮಡಿದದ್ದು ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ. ಸದ್ದಿಲ್ಲದೆ ಸಾಗುವುದು ಸೈಕಲ್ಲಿನ ಗುಣ. ತಿರುವಿನಲ್ಲಿ ಆನೆಗೆ ನಮ್ಮ ಬರವು ತಿಳಿಯದು, ನಮಗೆ ಆನೆಯ ಇರವು ತಿಳಿಯದು. ಬೆಳಕು ಹರಿದ ಮೇಲೆ ಹೊರಟು ಕತ್ತಲಾಗುವ ಮುನ್ನ ಮನೆ ಸೇರುವುದು, ಮುಂದಿನ ದಾರಿಯನ್ನು ತೋಟದವರಲ್ಲಿ ಕೇಳಿ ಸಾಗುವುದು ಇಲ್ಲಿನ ನಿಯಮ.

ಮಕ್ಕಳೊಡನೆ ಈ ಸೀಮೆಯನ್ನು ನೋಡಬಯಸುವವರು ಮಳೆ ಹಿಂದೆಗೆದ ಮೇಲೆ ಬರಬೇಕು. ಸಕಲೇಶಪುರದಿಂದ ಐದಾರು ಕಿ.ಮೀ. ದೂರದ ದೋಣಿಗಲ್ ಬಳಿ ವಾಹನವನ್ನು ಬಿಟ್ಟು, ಮೆಟ್ಟಿಲೇರಿ ಮಂಜರಾಬಾದ್ ಕೋಟೆಗೆ ಹೋಗಬೇಕು. ಮಂಗಳೂರಿನ ದಾರಿಯನ್ನು ಕಾಯಲು ಟಿಪ್ಪು ಸುಲ್ತಾನನು 1792ರ ಸುಮಾರಿಗೆ ಕಟ್ಟಿಸಿದ, ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯದು. ಅಲ್ಲಿಂದ ಪಶ್ಚಿಮಕ್ಕೆ ನೋಡಿದರೆ ಹೆದ್ದಾರಿ ಕಾಡಿನೊಳಗೆ ಸುತ್ತಿ ಸುತ್ತಿ ಮರೆಯಾಗುವುದು ಕಾಣುತ್ತದೆ. ಎತ್ತರದ ಗಾಲಿಯ ಸವಾರನು ಆ ದಾರಿಯನ್ನು ಒಮ್ಮೆ ಕಣ್ಣಾರೆ ಕಂಡಿದ್ದರೆ, ಖಂಡಿತ ಇಲ್ಲಿಯೇ ಇಳಿದು, ತನ್ನ ಗಾಡಿಯನ್ನು ಪಕ್ಕದಲ್ಲಿ ಹಿಡಿದುಕೊಂಡು, ಗುಂಡ್ಯದವರೆಗೂ ನಡೆದೇ ಹೋಗುತ್ತಿದ್ದನು. ಅದರಲ್ಲಿ ಅವನಿಗೆ ಅವಮಾನವೇನೂ ಇರುತ್ತಿರಲಿಲ್ಲ. ಎಲ್ಲಿ ಇಳಿಯಬೇಕೆಂದು ಬಲ್ಲವನೇ ಮರುದಿನ ಮತ್ತೆ ಏರಬಲ್ಲನು.