ಚಕ್ಕೋತದ ಮರವಿದ್ದ ಜಾಗ

ದೇವನಹಳ್ಳಿಯ ನಮ್ಮ ಹೊಲ ಎರಡು ಎಕರೆ ಹತ್ತು ಗುಂಟೆ. ರಾಗಿ, ನಡುವೆ ಅವರೆ ಸಾಲು, ಬದುವಿನಲ್ಲಿ ಎರಡು ಚಕ್ಕೋತದ ಮರ. ಉರ್ದು ಶಾಲೆ ಬಿಟ್ಟೊಡನೆ ನಾವು ಅಣ್ಣತಮ್ಮಂದಿರು ಅಲ್ಲಿಗೇ ಓಡುತ್ತಿದ್ದೆವು. ಹಣ್ಣು ಸುಲಿಯುವುದು ಅಬ್ಬಾ ಅವರ ಕೆಲಸ. ದಪ್ಪ ಸಿಪ್ಪೆ ಟೋಪಿಯಾಗಿ ನಮ್ಮ ತಲೆ ಏರುತ್ತಿತ್ತು.

ವಿಮಾನ ನಿಲ್ದಾಣ ಬರುತ್ತದೆಂಬ ಸುದ್ದಿಗೇ ದಲ್ಲಾಳಿಗಳು ಬಂದರು. 2008ರ ಮೇ ತಿಂಗಳಲ್ಲಿ ಅದು ಶುರುವಾಗುವ ಹೊತ್ತಿಗೆ ಹೊಲ ನಮ್ಮದಾಗಿರಲಿಲ್ಲ. ಯಾರೂ ಕಿತ್ತುಕೊಳ್ಳಲಿಲ್ಲ, ನಾವೇ ಮಾರಿದೆವು. ತಂಗಿಯ ನಿಕಾಹ್, ಅಬ್ಬಾ ಅವರ ಚಿಕಿತ್ಸೆ, ಕಾರಣಗಳಿದ್ದವು. ಆದರೆ ಬೆಲೆ ಕೇಳಿ ನಮ್ಮ ಕಣ್ಣು ಅರಳಿದ್ದೂ ಸುಳ್ಳಲ್ಲ. ಕಥೆಗಳಲ್ಲಿ ಮಣ್ಣಿನ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ, ಈ ಮಾತು ಬರೆದಿರಲಿಲ್ಲ.

ಸೈಟಿನ ಕಲ್ಲು ನೆಟ್ಟ ದಿನ, ವರ್ಷವರ್ಷ ಕಳೆ ಕೀಳಲು ಬರುತ್ತಿದ್ದ ಅಜ್ಜಿ ಬದುವಿನ ಮೇಲೆ ನಿಂತು, "ಸಾಬ್ರೇ, ನಾಳೆಯಿಂದ ನಾನೆಲ್ಲಿಗೆ ಬರ್ಲಿ?" ಎಂದು ಕೇಳಿದರು. ಮಾರುವಾಗ ಅವರನ್ನು ಯಾರೂ ಕೇಳಿರಲಿಲ್ಲ.

ನಮ್ಮೂರ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ನಮ್ಮ ಮರಗಳಿದ್ದಲ್ಲಿ ನಲವತ್ತಡಿ ರಸ್ತೆ.

ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ 2022ರಿಂದ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಸ್ವಇಚ್ಛೆಯಿಂದ ಕೊಡುವವರ ಭೂಮಿ ಮಾತ್ರ ಕೊಳ್ಳುವುದಂತೆ. ನಾವೂ ಸ್ವಇಚ್ಛೆಯವರೇ ಅಲ್ಲವೇ!

ಆ ಧರಣಿಗೆ ಒಮ್ಮೆ ನಾವೂ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಪಕ್ಕದ ಹಿರಿಯರು ಚಹಾದ ಲೋಟ ಕೊಡುತ್ತಾ, "ನಿಮ್ದು ಎಷ್ಟು ಹೋಗುತ್ತೆ?" ಎಂದರು.

"ನಮ್ದು ಮೊದಲೇ ಹೋಯ್ತು" ಎಂದೆವು. ಹೇಗೆಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.