ರೂಪಾಯಿಗೆ ಗುಣಿಸಿ ಕೊಂಡ ಟೈರು

ನಾವು ಮೂವರು ಡ್ರೆಸ್ಡೆನ್‌ನಲ್ಲಿ ಒಂದೇ ಮನೆಯಲ್ಲಿ ಇದ್ದೇವೆ. ಒಬ್ಬ ಹಾಸನದವ, ಒಬ್ಬ ಧಾರವಾಡದವ, ಇದನ್ನು ಬರೆಯುತ್ತಿರುವವನು ಶಿವಮೊಗ್ಗದವ. ಮೂವರೂ ಊರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಮಾಸ್ಟರ್ಸ್‌ಗೆ ಬಂದವರು. ಬೀಮು, ಗೇರು, ಟರ್ಬೈನು ಎಲ್ಲದರ ಲೆಕ್ಕ ಹಾಕಿ ಪಾಸಾದವರು. ಆದರೆ ಇಲ್ಲಿಗೆ ಬಂದ ಮೊದಲ ವರ್ಷ ನಮ್ಮನ್ನು ಫೇಲ್ ಮಾಡಿದ್ದು ಒಂದು ಸೈಕಲ್ ಟೈರು. ಈ ಸಲದ ಸಂಚಿಕೆಗೆ ಏನಾದರೂ ಬರೆಯಿರಿ ಎಂದಾಗ ಪ್ರವಾಸ ಕಥನ, ಅಡುಗೆ, ಅಮ್ಮನ ನೆನಪು ಎಲ್ಲವನ್ನೂ ಬೇರೆಯವರು ಬರೆಯುತ್ತಾರೆ, ನಾವು ಟೈರಿನ ಬಗ್ಗೆ ಬರೆಯೋಣ ಅಂತ ಮೂವರೂ ಸೇರಿ ತೀರ್ಮಾನಿಸಿದೆವು. ಅಕ್ಟೋಬರ್‌ನಲ್ಲಿ ಹೊಸದಾಗಿ ಬರುವವರಿಗೆ ಉಪಯೋಗಕ್ಕೆ ಬಂದರೆ ಸಾಕು.

ಬಂದ ಹೊಸತರಲ್ಲಿ ನಮಗೆಲ್ಲ ಒಂದು ಕಾಯಿಲೆ ಇರುತ್ತದೆ, ನಿಮಗೂ ಗೊತ್ತು. ಯಾವ ವಸ್ತು ನೋಡಿದರೂ ಅದರ ಬೆಲೆಯನ್ನು ತೊಂಬತ್ತರಿಂದಲೋ ನೂರರಿಂದಲೋ ಗುಣಿಸುವುದು. ಒಂದು ಕಾಫಿ ಮುನ್ನೂರೈವತ್ತು ರೂಪಾಯಿ! ಒಂದು ಹೇರ್‌ಕಟ್ ಎರಡು ಸಾವಿರ! ಧಾರವಾಡದವ ಆರು ತಿಂಗಳು ಕೂದಲು ಬಿಟ್ಟಿದ್ದು ಫ್ಯಾಷನ್‌ಗಲ್ಲ.

ಇದೇ ಕಾಯಿಲೆಯಲ್ಲಿ ನಾವು ಸೈಕಲ್ ಕೊಂಡೆವು. ಎಲ್ಬೆ ನದಿಯ ದಡದಲ್ಲಿ ಶನಿವಾರ ಹಳೆ ಸಾಮಾನಿನ ಸಂತೆ ನಡೆಯುತ್ತದೆ. ಅಲ್ಲಿ ಎಪ್ಪತ್ತು ಯೂರೋ ಆಸುಪಾಸಿನಲ್ಲಿ ಮೂರು ಸೈಕಲ್ ಸಿಕ್ಕವು. ಬ್ರೇಕ್ ನೋಡಿದೆವು, ಬೆಲ್ ಹೊಡೆದು ನೋಡಿದೆವು, ಲೈಟ್ ಹತ್ತುತ್ತದಾ ಅಂತ ನೋಡಿದೆವು. ಟೈರನ್ನು ಮಾತ್ರ ಹೆಬ್ಬೆರಳಲ್ಲಿ ಒಮ್ಮೆ ಒತ್ತಿ "ಗಾಳಿ ಇದೆ" ಅಂದುಕೊಂಡು ಬಂದೆವು. ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಇದ್ದದ್ದು, ಹಾಸನದವನ ಹಿಂದಿನ ಟೈರಿನಲ್ಲಿ ಒಂದೆರಡು ಕಡೆ ರಬ್ಬರ್ ಸವೆದು ನೂಲು ಕಾಣುತ್ತಿದ್ದದ್ದು, ಆಮೇಲೆ ಗೊತ್ತಾಯಿತು. ನಿಜ ಹೇಳಬೇಕೆಂದರೆ ಆವತ್ತೇ ಕಂಡಿತ್ತು. ಟೈರು ಒಂದಕ್ಕೆ ಮೂವತ್ತು ಯೂರೋ ಮೇಲಾಗುತ್ತದೆ ಅಂತ ತಿಳಿದು, ಮೂರು ಸಾವಿರ ರೂಪಾಯಿಗೆ ಗುಣಿಸಿ, ಕಾಣದ ಹಾಗೆ ಇದ್ದೆವು.

ಸೆಮಿಸ್ಟರ್ ಟಿಕೆಟ್ ಇರುವಾಗ ಟ್ರಾಮಲ್ಲೇ ಓಡಾಡಬಹುದಲ್ಲ ಅಂತ ಕೇಳುತ್ತೀರಿ. ಕ್ಲಾಸಿಗೆ ಸರಿ. ಆದರೆ ಹಾಸನದವನಿಗೆ ಊರಾಚೆಯ ಒಂದು ಗೋದಾಮಿನಲ್ಲಿ ಪಾರ್ಟ್‌ಟೈಮ್ ಕೆಲಸ ಸಿಕ್ಕಿತ್ತು. ಬುಧವಾರ ಸಂಜೆ ನಾಲ್ಕು ಗಂಟೆ, ಶನಿವಾರ ಬೆಳಿಗ್ಗೆ ಐದರಿಂದ ಆರು ಗಂಟೆ. ಗಂಟೆಗೆ ಹದಿಮೂರು ಯೂರೋ ಹತ್ತಿರ. ಶನಿವಾರ ಬೆಳಗಿನ ಜಾವ ಆ ಕಡೆಗೆ ಬಸ್ಸಿಲ್ಲ. ಒಂಬತ್ತು ಕಿಲೋಮೀಟರ್, ಸೈಕಲ್ಲೇ ಗತಿ.

ಜನವರಿಯ ಶನಿವಾರ ಬೆಳಿಗ್ಗೆ ನಾಲ್ಕೂವರೆಗೆ ಇಲ್ಲಿನ ರಸ್ತೆ ಹೇಗಿರುತ್ತದೆ ಅಂತ ನೋಡಿದವರಿಗೇ ಗೊತ್ತು. ಶುಕ್ರವಾರ ರಾತ್ರಿ ಒಡೆದ ಬಿಯರ್ ಬಾಟಲಿಯ ಚೂರುಗಳು. ಮಂಜುಗಡ್ಡೆಯ ಮೇಲೆ ಜಾರದಿರಲಿ ಅಂತ ಹರಡಿದ ಚೂಪಾದ ಸಣ್ಣ ಜಲ್ಲಿ. ಹಳೆ ಬೀದಿಗಳಲ್ಲಿ ಕಲ್ಲು ಹಾಸು, ನಡುವೆ ಟ್ರಾಮ್ ಹಳಿ. ಮೊದಲ ಶನಿವಾರ ದಾರಿಯಲ್ಲಿ ಪಂಚರ್. ತಳ್ಳಿಕೊಂಡು ಹೋದ, ನಲವತ್ತು ನಿಮಿಷ ಲೇಟು. ಭಾನುವಾರ ಬಕೆಟ್ಟಿನಲ್ಲಿ ನೀರಿಟ್ಟು ಟ್ಯೂಬ್ ಮುಳುಗಿಸಿ, ಗುಳ್ಳೆ ಬಂದ ಜಾಗ ಉಜ್ಜಿ, ಸೊಲ್ಯೂಷನ್ ಹಚ್ಚಿ, ಪ್ಯಾಚ್ ಹಾಕಿದೆವು. ಇಂಜಿನಿಯರುಗಳಲ್ಲವೇ, ಫೋಟೋ ತೆಗೆದು ಮನೆಗೆ ಕಳಿಸಿದೆವು. ಎರಡನೇ ಶನಿವಾರ ನಾಲ್ಕು ಗಂಟೆಗೆ ಎದ್ದು ನೋಡಿದರೆ ರಾತ್ರಿಯೇ ಗಾಳಿ ಇಳಿದು ಚಕ್ರ ಕೂತಿದೆ. ಮತ್ತೆ ಲೇಟು. ಈ ಸಲ ಹೊಸ ಟ್ಯೂಬನ್ನೇ ಹಾಕಿದೆವು. ಮೂರನೇ ಶನಿವಾರ ಅರ್ಧ ದಾರಿಯಲ್ಲಿ ಅದೂ ಹೋಯಿತು.

ಅವನಿನ್ನೂ ಪ್ರೊಬೇಷನ್‌ನಲ್ಲಿದ್ದ. ಮುಂದಿನ ವಾರ ಬರುವುದು ಬೇಡ ಎಂದರು. ಅವರದ್ದು ತಪ್ಪು ಅಂತ ನಾವು ಹೇಳುವುದಿಲ್ಲ, ಮೂರು ವಾರ ಸತತ ತಡವಾಗಿ ಬಂದವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಅವನು ಮನೆಗೆ ಬಂದು ಶೂ ಬಿಚ್ಚದೆ ಅಡುಗೆಮನೆಯಲ್ಲಿ ಕೂತ. ಅಷ್ಟರಲ್ಲಿ ಊರಿಂದ ಫೋನು. "ಹೂಂ ಅಮ್ಮ, ಕೆಲಸದಿಂದ ಈಗ ಬಂದೆ. ಚೆನ್ನಾಗಿದೆ. ಊಟ ಆಯ್ತು" ಅಂದ. ಊಟ ಆಗಿರಲಿಲ್ಲ. ಅವನ ಎಜುಕೇಷನ್ ಲೋನಿಗೆ ಅಪ್ಪ ಮನೆಯ ಪತ್ರ ಇಟ್ಟಿದ್ದರು ಅನ್ನುವುದು ನಮಗೆ ಗೊತ್ತಿತ್ತು. ಮುಂದಿನ ಎರಡು ತಿಂಗಳು ಅವನ ಪಾಲಿನ ಬಾಡಿಗೆಯನ್ನು ನಾವಿಬ್ಬರು ಹಂಚಿಕೊಂಡೆವು. ಅವನು ಒಂದೊಂದು ಯೂರೋವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ.

ಆ ಸೋಮವಾರ ಸೈಕಲ್ಲನ್ನು ವಿದ್ಯಾರ್ಥಿಗಳೇ ನಡೆಸುವ ವರ್ಕ್‌ಶಾಪಿಗೆ ತಳ್ಳಿಕೊಂಡು ಹೋದೆವು. ಅಲ್ಲಿ ಟೂಲ್ಸ್ ಕೊಡುತ್ತಾರೆ, ಕೆಲಸ ನಾವೇ ಮಾಡಬೇಕು. ಅಲ್ಲಿದ್ದ ಗಡ್ಡದ ಹುಡುಗ ಟ್ಯೂಬನ್ನು ನೋಡಲೇ ಇಲ್ಲ. ಟೈರನ್ನು ಪೂರ್ತಿ ಬಿಚ್ಚಿ, ಒಂದು ಬಟ್ಟೆ ತುಂಡನ್ನು ಒಳಗೆ ನಿಧಾನವಾಗಿ ಆಡಿಸಿದ. ಒಂದು ಕಡೆ ಬಟ್ಟೆ ಸಿಕ್ಕಿಕೊಂಡಿತು. ಅಲ್ಲಿ ಎಳ್ಳಿನ ಕಾಳಿನಷ್ಟು ಗಾಜು. ಮೂರು ಸಲವೂ ತೂತು ಮಾಡಿದ್ದು ಅದೇ ಚೂರು. ನಾವು ಟ್ಯೂಬಿಗೆ ಪ್ಯಾಚ್ ಹಾಕುತ್ತಲೇ ಇದ್ದೆವು, ಗಾಜು ಟೈರಿನಲ್ಲೇ ಇತ್ತು.

ಧಾರವಾಡದವ ತಲೆ ಚಚ್ಚಿಕೊಂಡ. "ಲೇ, ನಮ್ಮೂರಾಗ ಪಂಚರ್ ಅಂಗಡ್ಯಾವ ಮೊದಲ ಟೈರ್ ಒಳಗ ಕೈ ಆಡಸ್ತಾನ. ಸಣ್ಣಾವ ಇದ್ದಾಗಿಂದ ನೋಡೀನಿ. ನೋಡೀನಿ ಅಷ್ಟ, ಕಲ್ತಿಲ್ಲ."

ಅವತ್ತು ಸಂಜೆ ಒಂದು ಲೆಕ್ಕ ಹಾಕಿದೆವು. ಒಳ್ಳೆ ಟೈರು ಒಂದು ಜೊತೆಗೆ ಅರವತ್ತೈದು ಯೂರೋ. ಅಂದರೆ ಗೋದಾಮಿನ ಐದು ಗಂಟೆ ಕೆಲಸ. ಅದನ್ನು ಉಳಿಸಲು ಹೋಗಿ ಕಳೆದದ್ದು ಎರಡು ತಿಂಗಳು, ಸುಮಾರು ಎಂಬತ್ತು ಗಂಟೆಯ ಸಂಬಳ. ಇಲ್ಲಿ ದುಡಿದು ಇಲ್ಲಿ ಬದುಕುವವರು ಬೆಲೆಯನ್ನು ರೂಪಾಯಿಗೆ ಗುಣಿಸಬಾರದು, ಗಂಟೆಗೆ ಭಾಗಿಸಬೇಕು. ಟೈರು ಬಿಟ್ಟು ಬೇರೆ ವಿಷಯಕ್ಕೂ ಈ ಒಂದು ಮಾತು ನೆನಪಿಟ್ಟುಕೊಳ್ಳಿ.

ಜ್ಞಾನೋದಯವಾದ ತಕ್ಷಣ ಇನ್ನೊಂದು ತಪ್ಪು ಮಾಡಿದೆವು. ಆಫರ್ ಇದೆ ಅಂತ ಆನ್‌ಲೈನ್‌ನಲ್ಲಿ 28 ಇಂಚಿನ ಆರು ಟೈರು ತರಿಸಿದೆವು. ನಾಲ್ಕು ಕೂತವು. ಧಾರವಾಡದವನ ಸೈಕಲ್ಲಿನವು ರಿಮ್ಮಿನ ಮೇಲೆ ಏರಲೇ ಇಲ್ಲ. ಅರ್ಧ ಗಂಟೆ ಮೂವರೂ ಬೆವರು ಸುರಿಸಿ, ಎರಡು ಪ್ಲಾಸ್ಟಿಕ್ ಲಿವರ್ ಮುರಿದ ಮೇಲೆ ಹಳೆ ಟೈರನ್ನು ಓದಿದೆವು. ಹೊಸದರ ಪಕ್ಕದಲ್ಲಿ 37-622 ಅಂತ ಇತ್ತು, ಹಳೆಯದರಲ್ಲಿ 40-635.

ಟೈರು ಕೊಳ್ಳುವವರು ಮೊದಲು ಓದಬೇಕಾದದ್ದು ಈ ಸಂಖ್ಯೆ. ಮೊದಲ ಅಂಕೆ ಟೈರಿನ ಅಗಲ, ಎರಡನೆಯದು ಟೈರು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರ್‌ನಲ್ಲಿ. 622 ಮತ್ತು 635 ಎರಡನ್ನೂ ಅಂಗಡಿಯಲ್ಲಿ 28 ಇಂಚು ಅಂತಲೇ ಕರೆಯುತ್ತಾರೆ. ಹದಿಮೂರು ಮಿಲಿಮೀಟರ್ ವ್ಯತ್ಯಾಸವನ್ನು ಯಾವ ಶಕ್ತಿಯೂ ಎಳೆದು ಸರಿಮಾಡಲಾರದು. ತಮಾಷೆ ಏನೆಂದರೆ, ನಮ್ಮೂರುಗಳಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುವ ಆ ಎತ್ತರದ ಕಪ್ಪು ಸೈಕಲ್ ಇದೆಯಲ್ಲ, ಅದರ 28 × 1½ ಟೈರು ಕೂಡ ಇದೇ 635. ಧಾರವಾಡದವನಿಗೆ ಅವನ ಅಜ್ಜನ ಸೈಕಲ್ಲಿನ ಅಳತೆಯೇ ಇಲ್ಲೂ ಸಿಕ್ಕಿತ್ತು. ಇಲ್ಲಿ ಈ ಅಳತೆಯಲ್ಲಿ ಆಯ್ಕೆ ಕಡಿಮೆ, ಆದರೆ ಸಿಗುತ್ತದೆ. ತಪ್ಪು ಟೈರು ವಾಪಸ್ ಕಳಿಸಿ ಸರಿಯಾದದ್ದು ತರಿಸಿದ.

ಎರಡನೆಯದು ಅಗಲ. ತೆಳ್ಳಗಿನ ಟೈರು ಬೇಗ ಓಡುತ್ತದೆ ಅಂತ ನಾವೂ ನಂಬಿದ್ದೆವು. ಆದರೆ ಒಂದೇ ಒತ್ತಡದಲ್ಲಿ, ಒಂದೇ ತೂಕಕ್ಕೆ, ಎರಡೂ ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚು ಕಡಿಮೆ ಅಷ್ಟೇ. ಹಿಂದಿನ ಚಕ್ರದ ಮೇಲೆ ಐವತ್ತು ಕೆ.ಜಿ., ಟೈರಿನಲ್ಲಿ 4 ಬಾರ್ ಗಾಳಿ ಅಂದರೆ ಹನ್ನೆರಡು ಚದರ ಸೆಂಟಿಮೀಟರ್ ಚಿಲ್ಲರೆ. ಒಂದು ಬೆಂಕಿಪೊಟ್ಟಣದ ಮುಖಕ್ಕಿಂತ ಕಮ್ಮಿ! ತೆಳ್ಳಗಿನ ಟೈರಿನಲ್ಲಿ ಆ ಜಾಗ ಉದ್ದಕ್ಕೆ ಚಾಚುತ್ತದೆ, ಟೈರು ಹೆಚ್ಚು ಬಾಗುತ್ತದೆ. ಅಗಲದ್ದರಲ್ಲಿ ಗಿಡ್ಡಕ್ಕೆ, ಅಡ್ಡಕ್ಕೆ ಇರುತ್ತದೆ, ಕಡಿಮೆ ಬಾಗುತ್ತದೆ. ಅಲ್ಲದೆ ಅಗಲದ ಟೈರಿಗೆ ಸ್ವಲ್ಪ ಕಮ್ಮಿ ಗಾಳಿ ಸಾಕು, ಕಲ್ಲು ಹಾಸಿನ ಮೇಲೆ ಸೊಂಟಕ್ಕೆ ಬೀಳುವ ಪೆಟ್ಟು ಕಮ್ಮಿಯಾಗುತ್ತದೆ. ಈಗ ನನ್ನ ಸೈಕಲ್ಲಿನಲ್ಲಿರುವುದು 47-622. ಆದರೆ ಕೊಳ್ಳುವ ಮೊದಲು ಫ್ರೇಮಿಗೂ ಮಡ್‌ಗಾರ್ಡಿಗೂ ತಾಗದೆ ತಿರುಗುತ್ತದಾ, ನಿಮ್ಮ ರಿಮ್ ಅಷ್ಟು ಅಗಲಕ್ಕೆ ಆಗುತ್ತದಾ ಅಂತ ನೋಡಬೇಕು. ಅಗಲವಾದ ಟೈರು ಹಾಕಿದ್ದೇವೆಂದು ಟ್ರಾಮ್ ಹಳಿಯನ್ನು ಓರೆಯಾಗಿ ದಾಟಲು ಹೋಗಬೇಡಿ, ಹಳಿಗೆ ಆದಷ್ಟು ಅಡ್ಡವಾಗಿಯೇ ದಾಟಿ.

ಮೂರನೆಯದು ಪಂಚರ್ ರಕ್ಷಣೆ. ರಬ್ಬರ್ ಮೇಲ್ಮೈ ಮತ್ತು ಒಳಗಿನ ನೂಲಿನ ಪದರದ ನಡುವೆ ಒಂದು ಮೆತ್ತನೆಯ ಪಟ್ಟಿ ಇರುತ್ತದೆ. ಷ್ವಾಲ್ಬೆಯ ಮ್ಯಾರಥಾನ್ ಟೈರಿನಲ್ಲಿ ಅದು 3 ಮಿಲಿಮೀಟರ್, ಮ್ಯಾರಥಾನ್ ಪ್ಲಸ್‌ನಲ್ಲಿ 5. ಎಳ್ಳಿನಷ್ಟು ಗಾಜು ಐದು ಮಿಲಿಮೀಟರ್ ದಾಟಿ ಟ್ಯೂಬ್ ಮುಟ್ಟುವುದು ಕಷ್ಟ. ಆದರೆ ಇದಕ್ಕೂ ಬೆಲೆ ಇದೆ: ಪ್ಲಸ್ ಭಾರ, ಗಟ್ಟಿ, ಹಾಕುವಾಗ ಕೈ ಬೆರಳು ನೋಯುತ್ತದೆ, ಓಡಿಸುವಾಗಲೂ ಸ್ವಲ್ಪ ಬಿರುಸು. ಹಾಸನದವ ಹಿಂದಿನ ಚಕ್ರಕ್ಕೆ ಪ್ಲಸ್, ಮುಂದಿನದಕ್ಕೆ ಮಾಮೂಲಿ ಮ್ಯಾರಥಾನ್ ಹಾಕಿಕೊಂಡ. ಹೆಚ್ಚು ತೂಕ ಬೀಳುವುದು ಹಿಂದೆಯೇ ತಾನೆ. ಕೊಳ್ಳುವಾಗ ಪಕ್ಕದಲ್ಲಿ ಬೆಳಕಿಗೆ ಹೊಳೆಯುವ ಬಿಳಿ ಉಂಗುರ ಇರುವುದನ್ನೇ ಆರಿಸಿ. ಇಲ್ಲಿನ ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲು.

ನಾಲ್ಕನೆಯದಕ್ಕೆ ದುಡ್ಡೇ ಬೇಡ. ಗಾಳಿ. ಎಷ್ಟು ಒಳ್ಳೆಯ ಟೈರಾದರೂ ಗಾಳಿ ಕಮ್ಮಿಯಿದ್ದರೆ ಕಲ್ಲಿಗೆ ತಾಗಿ ಟ್ಯೂಬ್ ರಿಮ್ಮಿಗೆ ಜಜ್ಜಿಹೋಗುತ್ತದೆ, ಟೈರಿನ ಪಕ್ಕ ಬೇಗ ಬಿರುಕು ಬಿಡುತ್ತದೆ. ಟ್ಯೂಬಿನ ರಬ್ಬರ್ ಮೂಲಕವೇ ಗಾಳಿ ನಿಧಾನಕ್ಕೆ ಸೋರುತ್ತಿರುತ್ತದೆ, ಹಾಗಾಗಿ ತಿಂಗಳಿಗೊಮ್ಮೆಯಾದರೂ ನೋಡಲೇಬೇಕು. ಎಷ್ಟು ಹೊಡೆಯಬಹುದು ಅನ್ನುವುದು ಟೈರಿನ ಪಕ್ಕದಲ್ಲೇ ಬರೆದಿರುತ್ತದೆ, ಅದನ್ನು ಮೀರಬೇಡಿ. ನಾನು ಮುಂದೆ 3, ಹಿಂದೆ ಮೂರೂವರೆ ಬಾರ್ ಇಟ್ಟಿದ್ದೇನೆ, ಬ್ಯಾಗ್ ಕಟ್ಟಿದರೆ ಹಿಂದೆ ಇನ್ನೂ ಸ್ವಲ್ಪ. ಗೇಜ್ ಇರುವ, ನಿಂತು ಹೊಡೆಯುವ ಪಂಪ್ ಒಂದನ್ನು ಮೂವರೂ ಸೇರಿ ಕೊಂಡೆವು. ಇಡೀ ವರ್ಷದಲ್ಲಿ ನಾವು ಮಾಡಿದ ಅತ್ಯುತ್ತಮ ಖರೀದಿ ಅದು.

ಹೊಸ ಟೈರು ಹಾಕುವಾಗ ವರ್ಕ್‌ಶಾಪಿನ ಹುಡುಗ ಹೇಳಿಕೊಟ್ಟ ಇನ್ನೊಂದು ಮಾತು: ಟೈರಿನ ಹೆಸರು ಬರೆದ ಜಾಗ ವಾಲ್ವಿನ ನೇರಕ್ಕೆ ಬರುವಂತೆ ಕೂರಿಸಿ. ಆಗ ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ದೂರದಲ್ಲಿದೆ ಅಂತ ಅಳೆದು, ಟೈರಿನಲ್ಲಿ ಅದೇ ಜಾಗದಲ್ಲಿ ಮುಳ್ಳನ್ನೋ ಗಾಜನ್ನೋ ಹುಡುಕಬಹುದು. ಇದು ನಮಗೆ ಜನವರಿಯಲ್ಲಿ ಗೊತ್ತಿದ್ದರೆ!

ಮಾರ್ಚ್ ಕೊನೆಗೆ ಹಾಸನದವನಿಗೆ ಬೇರೆ ಕೆಲಸ ಸಿಕ್ಕಿತು. ಅದೂ ದೂರ, ಅದೂ ಬೆಳಗಿನ ಶಿಫ್ಟು. ಮೊದಲ ತಿಂಗಳು ನಾವಿಬ್ಬರೂ ಸುಮ್ಮನೆ ಎಚ್ಚರವಾಗಿ ಮಲಗಿರುತ್ತಿದ್ದೆವು. ಐದು ಗಂಟೆಗೆ "ತಲುಪಿದೆ ಮಗಾ" ಅಂತ ಮೆಸೇಜ್ ಬಂದ ಮೇಲೆ ನಿದ್ದೆ.

ಮೇ ತಿಂಗಳಲ್ಲಿ ಅವನೇ ಹೇಳಿದ, ಒಂದು ಸಲ ಕೆಲಸಕ್ಕಲ್ಲದೆ ಸೈಕಲ್ ಹೊಡೆಯೋಣ ಅಂತ. ಎಲ್ಬೆ ದಡದ ಸೈಕಲ್ ದಾರಿಯಲ್ಲಿ ನದಿಗೆ ಎದುರಾಗಿ ಹೊರಟೆವು. ಪಿರ್ನಾ ದಾಟಿದ ಮೇಲೆ ಮರಳುಗಲ್ಲಿನ ಬಂಡೆಗಳು ಎರಡೂ ಕಡೆ ಎದ್ದು ನಿಲ್ಲುತ್ತವೆ, ಕ್ಯೋನಿಗ್‌ಷ್ಟೈನ್ ಕೋಟೆ ತಲೆಯ ಮೇಲೆ ಕಾಣುತ್ತದೆ. ಬಾಡ್ ಷಾಂಡಾವ್ ಹತ್ತಿರ ಕೂತು ಪುಳಿಯೋಗರೆ ತಿಂದೆವು. ಗಡಿ ದಾಟಿದರೆ ಅದೇ ನದಿಗೆ ಜೆಕ್ ಭಾಷೆಯಲ್ಲಿ ಲಾಬೆ ಅಂತ ಹೆಸರು. ಜೆಚೀನ್ ಊರಿಗೆ ಸಂಜೆ ತಲುಪಿದಾಗ ಅರವತ್ತು ಕಿಲೋಮೀಟರ್ ದಾಟಿತ್ತು. ಸೊಂಟ ನೋಯಲಿಲ್ಲ, ಕಾಲು ನೋಯಿತು. ಅದಕ್ಕೆ ಟೈರು ಏನೂ ಮಾಡಲಾರದು.

ಪಂಚರ್ ಆಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಗಡಿಗೆ ಸ್ವಲ್ಪ ಮುಂಚೆ ಧಾರವಾಡದವನ ಹೊಸ ಟೈರಿಗೇ ಮುಳ್ಳು ಚುಚ್ಚಿತು. ಯಾವ ಟೈರೂ ಪಂಚರ್ ಆಗುವುದೇ ಇಲ್ಲ ಅನ್ನುವಂತಿಲ್ಲ. ಹಾಸನದವ ಏನೂ ಮಾತಾಡದೆ ಚಕ್ರ ಬಿಚ್ಚಿದ, ಟೈರು ತೆಗೆದ, ಜೇಬಿನಿಂದ ಕರ್ಚೀಫ್ ತೆಗೆದು ಒಳಗೆ ಆಡಿಸಿದ. ಮುಳ್ಳು ಸಿಕ್ಕಿತು. ಆಮೇಲೆ ಟ್ಯೂಬ್ ಮುಟ್ಟಿದ. ಇಪ್ಪತ್ತು ನಿಮಿಷದಲ್ಲಿ ಮತ್ತೆ ದಾರಿ ಹಿಡಿದೆವು.

ಆ ಪ್ರವಾಸದಿಂದ ಬಂದ ವಾರ ಅವನು ನೋಟ್‌ಬುಕ್ ತೆರೆದು ಬಾಡಿಗೆಯ ಕೊನೆಯ ಕಂತು ಟೇಬಲ್ ಮೇಲಿಟ್ಟು ಗೆರೆ ಎಳೆದ. ಊರಲ್ಲಿ ಈ ವಿಷಯ ಇನ್ನೂ ಹೇಳಿಲ್ಲ. ಈ ಬರಹವನ್ನು ಅಮ್ಮನಿಗೆ ಕಳಿಸುತ್ತೇನೆ, ಓದಿಕೊಳ್ಳಲಿ ಅನ್ನುತ್ತಾನೆ.

ಹೊಸದಾಗಿ ಬರುವವರು ಸಂತೆಯಲ್ಲಿ ಸೈಕಲ್ ನೋಡಲು ಹೋಗುವಾಗ ನಮ್ಮಲ್ಲಿ ಒಬ್ಬರನ್ನು ಕರೆಯಿರಿ, ಟೈರು ಓದಲು ಬರುತ್ತೇವೆ. ಪಂಪ್ ನಮ್ಮ ಮನೆ ಬಾಗಿಲ ಹಿಂದೆಯೇ ಇರುತ್ತದೆ. ಕೇಳಿ ತೆಗೆದುಕೊಂಡು ಹೋಗಿ, ಆದರೆ ಶುಕ್ರವಾರ ರಾತ್ರಿಯೊಳಗೆ ವಾಪಸ್ ತಂದಿಡಿ. ಶನಿವಾರ ಬೆಳಿಗ್ಗೆ ನಾಲ್ಕು ಗಂಟೆಗೆ ಅದು ಒಬ್ಬನಿಗೆ ಬೇಕು.